ಕಾಲನ್ನು ಕಟ್ಟಬಹುದು, ಕಂಠವನ್ನು? ಗ್ಲಾಸ್ಗೋದ ಮೆರವಣಿಗೆ ಮತ್ತು ಫುಟ್‌ಬಾಲ್ ಕುರಿತು ಅಧ್ಯಯನ ಟಿಪ್ಪಣಿ

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಮಕ್ಕಳ ಬಾಯಲ್ಲಿ ಓಡಾಡುತ್ತಿದ್ದ ಹಳೆಯ ಪ್ರಶ್ನೆಯೊಂದಿದೆ: ನೀನು ಬಿಲ್ಲಿಯೋ, ಡ್ಯಾನೋ, ಇಲ್ಲಾ ಹಳೇ ತಗಡಿನ ಡಬ್ಬಿಯೋ? ಬಿಲ್ಲಿ ಅಂದರೆ ಪ್ರೊಟೆಸ್ಟಂಟ್, ಡ್ಯಾನ್ ಅಂದರೆ ಕ್ಯಾಥೊಲಿಕ್, ಎರಡೂ ಅಲ್ಲದವರು ಡಬ್ಬಿ. ಬೇರೆ ಕೇರಿಯ ಹುಡುಗರು ಅಡ್ಡಗಟ್ಟಿ ಹೀಗೆ ಕೇಳಿದಾಗ ಉತ್ತರ ತಪ್ಪಿದರೆ ಏಟು ಬೀಳುತ್ತಿತ್ತು. ದೊಡ್ಡವರು ಇದನ್ನೇ ನಯವಾಗಿ ಕೇಳುತ್ತಾರೆ: ಯಾವ ಶಾಲೆಯಲ್ಲಿ ಓದಿದ್ದು? ಶಾಲೆಯ ಹೆಸರು ‘ಸೇಂಟ್’ ಎಂದು ಶುರುವಾದರೆ ಸಾಕು, ಕ್ಯಾಥೊಲಿಕ್ ಎಂದರ್ಥ, ಕೇಳಿದವರಿಗೆ ಬೇಕಾದ್ದು ಸಿಕ್ಕಿತು. ಇನ್ನೂ ಸುತ್ತುಬಳಸಿನ ಮಾತೆಂದರೆ, ಅವನು ಯಾವ ಕಾಲಲ್ಲಿ ಒದೆಯುತ್ತಾನೆ ಅನ್ನುವುದು. ಎಡಗಾಲಾದರೆ ಕ್ಯಾಥೊಲಿಕ್. ಇದು ಫುಟ್‌ಬಾಲಿನಿಂದ ಬಂದ ಮಾತು ಅಂದುಕೊಂಡಿದ್ದೆ. ಅಲ್ಲವಂತೆ, ಐರ್ಲೆಂಡಿನ ಹೊಲದಿಂದ ಬಂದದ್ದು. ಅಗೆಯುವಾಗ ಸನಿಕೆಯನ್ನು ಯಾವ ಕಾಲಿಂದ ತುಳಿಯುತ್ತಾನೆ ಎಂಬುದರ ಮೇಲೆ ಮನುಷ್ಯ ಯಾವ ಕಡೆಯವನೆಂದು ಹೇಳುತ್ತಿದ್ದರು.

ಈ ಮೂರು ಪ್ರಶ್ನೆಗಳಲ್ಲಿ ಒಂದೂ ದೇವರ ಬಗ್ಗೆ ಇಲ್ಲ ಎಂಬುದನ್ನು ಪುಸ್ತಕದ ಅಂಚಿನಲ್ಲಿ ಬರೆದುಕೊಳ್ಳಿ. ‘ಸೆಕ್ಟೇರಿಯನಿಸಂ’ ಎಂಬ ಪದಕ್ಕೆ ನಮ್ಮ ‘ಕೋಮುವಾದ’ ಹತ್ತಿರದ್ದೇ, ಆದರೆ ಇಲ್ಲಿ ಜಗಳ ಒಂದೇ ಧರ್ಮದ ಎರಡು ಕವಲುಗಳ ನಡುವಿನದು. ಹಾಗಾಗಿ ಈ ಟಿಪ್ಪಣಿಯಲ್ಲಿ ‘ಪಂಥದ್ವೇಷ’ ಎಂದು ಬಳಸುತ್ತೇನೆ. ಸ್ಕಾಟ್ಲೆಂಡಿನ 2022ರ ಜನಗಣತಿಯಲ್ಲಿ ಶೇ. 51ರಷ್ಟು ಜನ ತಮಗೆ ಯಾವ ಧರ್ಮವೂ ಇಲ್ಲ ಎಂದು ಬರೆಸಿದ್ದಾರೆ. ಭಾನುವಾರ ಚರ್ಚ್ ಮೆಟ್ಟಿಲು ಹತ್ತದವರೇ ಶನಿವಾರ ಕ್ರೀಡಾಂಗಣದಲ್ಲಿ ಪೋಪ್ ಪರವಾಗಿಯೋ ವಿರುದ್ಧವಾಗಿಯೋ ಗಂಟಲು ಹರಿದುಕೊಳ್ಳುತ್ತಾರೆ.

ಒಂದೇ ಹಡಗಿನಲ್ಲಿ ಬಂದವರು

1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಬರ ಬಿತ್ತು. ಹೊಟ್ಟೆಪಾಡಿಗೆ ಸಮುದ್ರ ದಾಟಿದವರಲ್ಲಿ ಬಹಳ ಜನ ಗ್ಲಾಸ್ಗೋಗೆ ಬಂದರು. 1851ರ ಹೊತ್ತಿಗೆ ನಗರದ ನೂರು ಜನರಲ್ಲಿ ಸುಮಾರು 18 ಮಂದಿ ಐರ್ಲೆಂಡಿನಲ್ಲಿ ಹುಟ್ಟಿದವರು. ಹೆಚ್ಚಿನ ವಿದ್ಯಾರ್ಥಿಗಳು ಎಡವುವುದು ಇಲ್ಲೇ. ಬಂದವರೆಲ್ಲ ಕ್ಯಾಥೊಲಿಕರು, ಎದುರಿಸಿದವರೆಲ್ಲ ಸ್ಥಳೀಯ ಪ್ರೊಟೆಸ್ಟಂಟರು ಎಂದು ಬರೆದುಬಿಡುತ್ತಾರೆ. ಐರ್ಲೆಂಡಿನ ಉತ್ತರದ ಅಲ್ಸ್ಟರ್ ಪ್ರಾಂತದಿಂದ ಪ್ರೊಟೆಸ್ಟಂಟರೂ ದೊಡ್ಡ ಸಂಖ್ಯೆಯಲ್ಲಿ ಬಂದಿದ್ದರು. ಅವರ ಆರೆಂಜ್ ಆರ್ಡರ್ ಸಂಘಟನೆ ಹುಟ್ಟಿದ್ದು 1795ರಲ್ಲಿ, ಐರ್ಲೆಂಡಿನ ಆರ್ಮಾ ಜಿಲ್ಲೆಯಲ್ಲಿ. ಗ್ಲಾಸ್ಗೋ ಬೀದಿಯಲ್ಲಿ ಅದರ ಮೊದಲ ಮೆರವಣಿಗೆ 1821ರಲ್ಲಿ ನಡೆಯಿತು, ಬರಕ್ಕೂ ಎಷ್ಟೋ ಮೊದಲು. ಅಂದರೆ ಜಗಳದ ಎರಡೂ ಪಕ್ಷಗಳು ಒಂದೇ ನಾಡಿನವು, ಬಂದದ್ದೂ ಒಂದೇ ದಾರಿಯಲ್ಲಿ. 1912ರಲ್ಲಿ ಬೆಲ್‌ಫಾಸ್ಟಿನ ಹಾರ್ಲೆಂಡ್ ಅಂಡ್ ವುಲ್ಫ್ ಕಂಪನಿ ಗ್ಲಾಸ್ಗೋದ ಗೋವನ್‌ನಲ್ಲಿ ಹಡಗುಕಟ್ಟೆ ನಡೆಸಲು ಶುರುಮಾಡಿದಾಗ ಇನ್ನಷ್ಟು ಅಲ್ಸ್ಟರ್ ಕೆಲಸಗಾರರು ಬಂದು ಸೇರಿದರು. ಆ ಗೋವನ್ ಪಕ್ಕದಲ್ಲೇ, ಮುಂದೆ ಪ್ರೊಟೆಸ್ಟಂಟರ ತಂಡವೆನಿಸಿದ ರೇಂಜರ್ಸ್ ಫುಟ್‌ಬಾಲ್ ಕ್ಲಬ್ಬಿನ ಐಬ್ರಾಕ್ಸ್ ಕ್ರೀಡಾಂಗಣವಿದೆ.

ದ್ವೇಷ ಬರೀ ಬೀದಿ ಪುಂಡರದ್ದಾಗಿರಲಿಲ್ಲ. 1923ರಲ್ಲಿ ಅಲ್ಲಿನ ದೊಡ್ಡ ಪ್ರೊಟೆಸ್ಟಂಟ್ ಚರ್ಚಾದ ಚರ್ಚ್ ಆಫ್ ಸ್ಕಾಟ್ಲೆಂಡ್, ಐರಿಷ್ ಜನಾಂಗವೇ ಸ್ಕಾಟಿಷ್ ರಾಷ್ಟ್ರೀಯತೆಗೆ ಗಂಡಾಂತರ ಎಂಬ ಅರ್ಥದ ತಲೆಬರಹದ ವರದಿಯೊಂದನ್ನು ಹೊರತಂದಿತ್ತು. ಅದಕ್ಕೆ ಚರ್ಚ್ ವಿಷಾದ ಹೇಳಲು 2002 ಬರಬೇಕಾಯಿತು.

ಊಟದ ಡಬ್ಬಿಯಿಂದ ಹುಟ್ಟಿದ ಕ್ಲಬ್

ರೇಂಜರ್ಸ್ ಹುಟ್ಟಿದ್ದು 1872ರಲ್ಲಿ. ಆಟ ಕಟ್ಟಿಕೊಂಡ ನಾಲ್ವರು ಹುಡುಗರಿಗೆ ಪಂಥದ ಉಸಾಬರಿ ಇರಲಿಲ್ಲ. ಸೆಲ್ಟಿಕ್‌ನ ಕಥೆ ಬೇರೆ. ಐರ್ಲೆಂಡಿನ ಸ್ಲೈಗೋ ಜಿಲ್ಲೆಯಿಂದ ಬಂದ, ಮಾರಿಸ್ಟ್ ಎಂಬ ಕ್ಯಾಥೊಲಿಕ್ ಪಂಗಡದ ಸನ್ಯಾಸಿ ಬ್ರದರ್ ವಾಲ್ಫ್ರಿಡ್, ನಗರದ ಪೂರ್ವ ಭಾಗದ ಬಡ ಕ್ಯಾಥೊಲಿಕ್ ಮಕ್ಕಳಿಗೆ ಊಟ ಹಾಕಿಸಲು ಹಣ ಬೇಕೆಂದು 1887ರ ನವೆಂಬರಿನಲ್ಲಿ ಸೇಂಟ್ ಮೇರಿ ಚರ್ಚಿನ ಸಭಾಂಗಣದಲ್ಲಿ ಕ್ಲಬ್ ಶುರುಮಾಡಿಸಿದರು. ಮೊದಲ ಪಂದ್ಯ 1888ರ ಮೇ 28ರಂದು, ಎದುರಾಳಿ ರೇಂಜರ್ಸ್ ತಂಡವೇ. ಸೆಲ್ಟಿಕ್ 5–2ರಿಂದ ಗೆದ್ದಿತು. ಆಮೇಲೆ ಎರಡೂ ಕಡೆಯವರು ಅದೇ ಚರ್ಚ್ ಸಭಾಂಗಣದಲ್ಲಿ ಕೂತು ಒಟ್ಟಿಗೆ ಊಟ ಮಾಡಿದರು. (ಉಚ್ಚಾರಣೆಯ ಬಗ್ಗೆ ಒಂದು ಮಾತು: ಕ್ಲಬ್ ‘ಸೆಲ್ಟಿಕ್’, ಭಾಷೆ, ಸಂಸ್ಕೃತಿ ಎಂದಾಗ ‘ಕೆಲ್ಟಿಕ್’. ಗ್ಲಾಸ್ಗೋದವರ ಮುಂದೆ ಅದಲುಬದಲು ಮಾಡಬೇಡಿ.)

ಎರಡೂ ಕ್ಲಬ್ಬುಗಳಿಗೆ ಸೇರಿ ‘ಓಲ್ಡ್ ಫರ್ಮ್’ ಎಂಬ ಹೆಸರಿದೆ. ‘ಫರ್ಮ್’ ಅಂದರೆ ವ್ಯಾಪಾರದ ಕಂಪನಿ. 1904ರ ಒಂದು ವ್ಯಂಗ್ಯಚಿತ್ರ ಈ ಹೆಸರನ್ನು ಗಟ್ಟಿಮಾಡಿತು. ಇಬ್ಬರ ಹಗೆತನದಿಂದ ಟಿಕೆಟ್ ಮಾರಿ ಇಬ್ಬರೂ ದುಡ್ಡು ಎಣಿಸುತ್ತಾರೆ ಎಂಬ ಚುಚ್ಚು ಅದರಲ್ಲಿತ್ತು. ಅಭಿಮಾನಿಗಳಿಗೂ ಅದು ಗೊತ್ತಿತ್ತು ಎಂಬುದಕ್ಕೆ 1909ರ ಸ್ಕಾಟಿಷ್ ಕಪ್ ಫೈನಲ್ ಸಾಕ್ಷಿ. ಪಂದ್ಯ ಡ್ರಾ, ಮತ್ತೆ ಆಡಿಸಿದ್ದೂ ಡ್ರಾ. ಹೆಚ್ಚುವರಿ ಸಮಯ ಆಡಿಸುವುದಿಲ್ಲ ಎಂದದ್ದೇ ತಡ, ಇನ್ನೊಂದು ಸಲ ಟಿಕೆಟ್ ಮಾರುವ ಹುನ್ನಾರ ಇದು ಎಂದು ಜನ ಕೆರಳಿ ಹ್ಯಾಂಪ್ಡನ್ ಮೈದಾನಕ್ಕೆ ನುಗ್ಗಿ ಬೆಂಕಿ ಹಚ್ಚಿದರು. ಸೆಲ್ಟಿಕ್‌ನ ಹಸಿರೂ ರೇಂಜರ್ಸ್‌ನ ನೀಲಿಯೂ ಹೆಗಲಿಗೆ ಹೆಗಲು ಕೊಟ್ಟು ಎಬ್ಬಿಸಿದ ಗಲಭೆ ಅದು. ಆ ವರ್ಷ ಕಪ್ಪನ್ನು ಯಾರಿಗೂ ಕೊಡಲಿಲ್ಲ. ನನಗಂತೂ ಈ ಇಡೀ ಇತಿಹಾಸದಲ್ಲಿ ತೀರಾ ಇಷ್ಟವಾದ ಗಲಭೆ ಇದು.

ಆಮೇಲೆ ಗೋಡೆ ಎದ್ದಿತು. ಮೊದಲ ಮಹಾಯುದ್ಧದ ಆಸುಪಾಸಿನಿಂದ ರೇಂಜರ್ಸ್, ಗೊತ್ತಿದ್ದೂ ಕ್ಯಾಥೊಲಿಕ್ ಆಟಗಾರರನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಇದು ಎಲ್ಲೂ ಬರೆದಿಟ್ಟ ನಿಯಮವಲ್ಲ, ಎಲ್ಲರಿಗೂ ಗೊತ್ತಿದ್ದ ನಿಯಮ. ಸೆಲ್ಟಿಕ್ ಹಾಗೆ ಮಾಡಲಿಲ್ಲ. 1967ರಲ್ಲಿ ಲಿಸ್ಬನ್‌ನಲ್ಲಿ ಇಂಟರ್ ಮಿಲಾನನ್ನು 2–1ರಿಂದ ಸೋಲಿಸಿ ಯುರೋಪಿಯನ್ ಕಪ್ ತಂದ ಮ್ಯಾನೇಜರ್ ಜಾಕ್ ಸ್ಟೀನ್ ಪ್ರೊಟೆಸ್ಟಂಟ್. ಒಬ್ಬ ಕ್ಯಾಥೊಲಿಕ್, ಒಬ್ಬ ಪ್ರೊಟೆಸ್ಟಂಟ್ ಆಟಗಾರ ಸಮಸಮವಾಗಿದ್ದರೆ ನಾನು ಪ್ರೊಟೆಸ್ಟಂಟನನ್ನೇ ಮೊದಲು ಹಿಡಿಯುತ್ತೇನೆ, ಇನ್ನೊಬ್ಬನನ್ನು ರೇಂಜರ್ಸ್ ಹೇಗೂ ಮುಟ್ಟುವುದಿಲ್ಲ ಎನ್ನುತ್ತಿದ್ದರಂತೆ. ದ್ವೇಷದ ಬೆಲೆ ಎಷ್ಟೆಂದು ಸ್ಟೀನ್‌ಗೆ ಲೆಕ್ಕ ಗೊತ್ತಿತ್ತು.

1989ರ ಜುಲೈ 10ರಂದು ರೇಂಜರ್ಸ್ ಮ್ಯಾನೇಜರ್ ಗ್ರೇಮ್ ಸೂನೆಸ್ ಆ ಗೋಡೆ ಒಡೆದರು. ಹಿಂದೆ ಸೆಲ್ಟಿಕ್‌ಗೆ ಆಡಿದ್ದ, ಮತ್ತೆ ಅಲ್ಲಿಗೇ ಮರಳುತ್ತೇನೆಂದು ಎರಡು ತಿಂಗಳ ಹಿಂದಷ್ಟೇ ಹಸಿರು ಅಂಗಿ ತೊಟ್ಟು ಕ್ಯಾಮೆರಾ ಮುಂದೆ ನಿಂತಿದ್ದ ಮೋ ಜಾನ್‌ಸ್ಟನ್ ಎಂಬ ಕ್ಯಾಥೊಲಿಕ್ ಆಟಗಾರ ರೇಂಜರ್ಸ್ ಸೇರಿದರು. ಐಬ್ರಾಕ್ಸ್ ಎದುರು ಅಭಿಮಾನಿಗಳು ಸ್ಕಾರ್ಫ್ ಸುಟ್ಟರು. ಅತ್ತ ಸೆಲ್ಟಿಕ್ ಕಡೆಯವರ ಪಾಲಿಗೆ ಆತ ದ್ರೋಹಿ. ನವೆಂಬರಿನಲ್ಲಿ ಆತನೇ ಸೆಲ್ಟಿಕ್ ವಿರುದ್ಧ ಕೊನೆಗಳಿಗೆಯಲ್ಲಿ ಗೆಲುವಿನ ಗೋಲು ಹೊಡೆದಾಗ ನೀಲಿ ಗ್ಯಾಲರಿ ಕುಣಿಯಿತು. ಸುಟ್ಟ ಸ್ಕಾರ್ಫಿನ ಮಾತು ಆ ದಿನ ಯಾರೂ ಎತ್ತಿರಲಾರರು.

ನಮ್ಮ ಕಡೆಯ ಒಂದು ಎಳೆ: 2019ರಲ್ಲಿ ಬೆಂಗಳೂರು ಎಫ್‌ಸಿ ಮತ್ತು ರೇಂಜರ್ಸ್ ನಡುವೆ ಒಪ್ಪಂದವಾಯಿತು. ಆ ನಂಟಿನ ಮೂಲಕವೇ ಮಣಿಪುರದ ಬಾಲಾ ದೇವಿ 2020ರ ಜನವರಿಯಲ್ಲಿ ರೇಂಜರ್ಸ್ ಮಹಿಳಾ ತಂಡ ಸೇರಿದರು. ಅದಕ್ಕೂ ಬಹಳ ಹಿಂದೆ, 1936ರಲ್ಲಿ, ಕಲ್ಕತ್ತಾದ ಮೊಹಮ್ಮದ್ ಸಲೀಂ ಬರಿಗಾಲಿಗೆ ಬ್ಯಾಂಡೇಜ್ ಸುತ್ತಿಕೊಂಡು ಸೆಲ್ಟಿಕ್ ಅಂಗಿಯಲ್ಲಿ ಆಡಿದ್ದರು. ಬಿಲ್ಲಿಯೂ ಅಲ್ಲ, ಡ್ಯಾನೂ ಅಲ್ಲ!

ಮೆರವಣಿಗೆ: ಹತ್ತಿರದಿಂದ

1690ರಲ್ಲಿ ಐರ್ಲೆಂಡಿನ ಬಾಯ್ನ್ ನದಿಯ ದಡದಲ್ಲಿ ಪ್ರೊಟೆಸ್ಟಂಟ್ ರಾಜ ವಿಲಿಯಂ, ಕ್ಯಾಥೊಲಿಕ್ ರಾಜ ಜೇಮ್ಸನನ್ನು ಸೋಲಿಸಿದ. ‘ಬಿಲ್ಲಿ’ ಎಂಬ ಅಡ್ಡಹೆಸರು ಈ ವಿಲಿಯಂನದೇ. ಅದರ ನೆನಪಿನ ದಿನ ಜುಲೈ 12. ಗ್ಲಾಸ್ಗೋದ ದೊಡ್ಡ ಮೆರವಣಿಗೆ ಅದಕ್ಕೂ ಮೊದಲು ಬರುವ ಒಂದು ಶನಿವಾರ. (ವಿಲಿಯಂನ ಯುರೋಪಿಯನ್ ಕೂಟದಲ್ಲಿ ಕ್ಯಾಥೊಲಿಕ್ ಸ್ಪೇನ್, ಆಸ್ಟ್ರಿಯಾಗಳೂ ಇದ್ದವು. ಬ್ಯಾನರ್ ಮೇಲೆ ಇದಕ್ಕೆ ಜಾಗವಿಲ್ಲ.)

ಬ್ಯಾನರಿನಲ್ಲಿ ಬಿಳಿ ಕುದುರೆಯೇರಿದ ವಿಲಿಯಂ. ಕಿತ್ತಳೆ ಪಟ್ಟಿ ಧರಿಸಿದ ಸದಸ್ಯರು ಸಾಲಾಗಿ ನಡೆಯುತ್ತಾರೆ. ಮುಂದೆ ಕೊಳಲು ವಾದ್ಯವೃಂದ, ಕೋಲನ್ನು ಆಕಾಶಕ್ಕೆ ಎಸೆದು ಹಿಡಿಯುವವನು, ಎದೆ ನಡುಗಿಸುವ ದೊಡ್ಡ ಡೋಲು. ಮೆರವಣಿಗೆಯ ಒಳಗೆ ಶಿಸ್ತಿರುತ್ತದೆ. ಗಲಾಟೆ ಹೆಚ್ಚಾಗಿ ಫುಟ್‌ಪಾತಿನಲ್ಲಿ ಅದರ ಜತೆಜತೆಗೇ ಬಿಯರ್ ಡಬ್ಬಿ ಹಿಡಿದು ಸಾಗುವ ಹಿಂಬಾಲಕರದ್ದು. ಅವರು ನಮ್ಮ ಸದಸ್ಯರಲ್ಲ ಎಂದು ಆರ್ಡರ್ ಹೇಳುತ್ತದೆ. ಚರ್ಚ್ ಹತ್ತಿರ ಬಂದಾಗ ವಾದ್ಯ ನಿಲ್ಲಿಸಿ, ಹೆಜ್ಜೆ ತಪ್ಪದಂತೆ ಒಂದೇ ಡೋಲಿನ ಸಣ್ಣ ತಟ್ಟು ಮಾತ್ರ ಉಳಿಸಿಕೊಳ್ಳುವ ಪದ್ಧತಿಯಿದೆ. ಆ ಮೌನದ ಕೆಲವು ನಿಮಿಷಗಳಲ್ಲೇ ಯಾರು ಯಾರಿಗೆ ಏನು ಕೂಗಿದರು ಎಂಬುದು ಮುಂದಿನ ವಾರವೆಲ್ಲ ಚರ್ಚೆಯಾಗುತ್ತದೆ. 2018ರ ಜುಲೈಯಲ್ಲಿ ಲಂಡನ್ ರೋಡಿನ ಸೇಂಟ್ ಆಲ್ಫಾನ್ಸಸ್ ಕ್ಯಾಥೊಲಿಕ್ ಚರ್ಚ್ ಮುಂದೆ ಮೆರವಣಿಗೆ ಹೋಗುತ್ತಿದ್ದಾಗ ಅಲ್ಲಿನ ಪಾದ್ರಿಯ ಮೇಲೆ ಉಗುಳಲಾಯಿತು. ಮರುವರ್ಷ ನಗರಸಭೆ ಕೆಲವು ಮೆರವಣಿಗೆಗಳನ್ನು ಆ ಚರ್ಚಿನಿಂದ ದೂರದ ದಾರಿಗೆ ತಿರುಗಿಸಿತು.

ಎದುರು ಪಕ್ಷಕ್ಕೂ ಮೆರವಣಿಗೆಗಳಿವೆ: ಇಡೀ ಐರ್ಲೆಂಡ್ ಬ್ರಿಟನ್ನಿನಿಂದ ಬೇರೆಯಾಗಬೇಕೆನ್ನುವ ಐರಿಷ್ ರಿಪಬ್ಲಿಕನ್ ಗುಂಪುಗಳವು. ಅವುಗಳಲ್ಲೂ ಅವೇ ಕೊಳಲು, ಅವೇ ಡೋಲು. ಬದಲಾಗುವುದು ರಾಗ ಮತ್ತು ಬಾವುಟ. 2019ರ ಆಗಸ್ಟ್ 30ರಂದು ಗೋವನ್‌ನಲ್ಲಿ ಇಂಥದ್ದೊಂದಕ್ಕೆ ವಿರೋಧಿಗಳು ಅಡ್ಡ ನಿಂತು, ಕುದುರೆ, ನಾಯಿ, ಹೆಲಿಕಾಪ್ಟರ್ ಸಮೇತ ಪೊಲೀಸರು ಬರಬೇಕಾಯಿತು. ಬೆನ್ನಿಗೇ ಸೆಪ್ಟೆಂಬರಿನಲ್ಲಿ ನಗರಸಭೆ ಎರಡೂ ಕಡೆಯ ಹಲವು ಮೆರವಣಿಗೆಗಳನ್ನು ನಿಷೇಧಿಸಿತು.

ಪರೀಕ್ಷೆಗೆ ಕಾನೂನು: 1982ರ ಸಿವಿಕ್ ಗವರ್ನಮೆಂಟ್ ಕಾಯ್ದೆ. ಇದರಲ್ಲಿ ‘ಅನುಮತಿ’ ಎಂಬ ಪದ ಬಳಸಿದರೆ ತಪ್ಪು. ಆಯೋಜಕರು ಕೊಡುವುದು ಸೂಚನೆ (ನೋಟಿಸ್) ಮಾತ್ರ. ಮೊದಲು 7 ದಿನ ಮುಂಚೆ ಕೊಟ್ಟರೆ ಸಾಕಿತ್ತು, 2006ರ ತಿದ್ದುಪಡಿಯಿಂದ 28 ದಿನ. ನಡೆಯುವುದು ಹಕ್ಕು. ಸುರಕ್ಷತೆ, ಶಾಂತಿಭಂಗ, ಆಸ್ತಿ ಹಾನಿ, ಜನಜೀವನಕ್ಕೆ ಅಡ್ಡಿ ಇವುಗಳನ್ನು ತೂಗಿ ನಗರಸಭೆ ಷರತ್ತು ಹಾಕಬಹುದು, ನಿಷೇಧಿಸಲೂಬಹುದು. ಅದರ ಮೇಲೆ ನ್ಯಾಯಾಲಯಕ್ಕೆ ಹೋಗಬಹುದು. ಉತ್ತರ ಐರ್ಲೆಂಡಿನಲ್ಲಿ ಇದೇ ಕೆಲಸಕ್ಕೆ 1998ರ ಕಾಯ್ದೆಯ ಪ್ರಕಾರ ಪ್ರತ್ಯೇಕ ಪರೇಡ್ಸ್ ಕಮಿಷನ್ ಇದೆ.

ಹಾಡಿಗೆ ಕಾನೂನು ಮಾಡಲು ಹೋಗಿ

ಮೆರವಣಿಗೆಯನ್ನು ಬೇರೆ ಬೀದಿಗೆ ತಿರುಗಿಸಬಹುದು. ಅರವತ್ತು ಸಾವಿರ ಜನರ ಹಾಡನ್ನು ಎಲ್ಲಿಗೆ ತಿರುಗಿಸುವುದು? ರೇಂಜರ್ಸ್ ಬೆಂಬಲಿಗರ ಒಂದು ಹಾಡು 1920–30ರ ದಶಕಗಳ ಬ್ರಿಜ್‌ಟನ್ ಕೇರಿಯ ಪ್ರೊಟೆಸ್ಟಂಟ್ ರೌಡಿ ಗುಂಪಿನದು. ಅದರಲ್ಲಿ ಮೊಣಕಾಲುಮಟ್ಟ ರಕ್ತದ ಮಾತು ಬರುತ್ತದೆ. 2006ರಲ್ಲಿ ಯುರೋಪಿನ ಫುಟ್‌ಬಾಲ್ ಆಡಳಿತ ಮಂಡಳಿ ಯುಇಎಫ್‌ಎ ಮೊದಲು ಇದು ಸಮಾಜ ಸಹಿಸಿಕೊಂಡು ಬಂದದ್ದು ಎಂಬ ಧಾಟಿಯಲ್ಲಿ ಬಿಟ್ಟುಬಿಟ್ಟಿತು, ಮೇಲ್ಮನವಿಯಲ್ಲಿ ಅದೇ ಹಾಡಿಗೆ ದಂಡ ಹಾಕಿತು. 2019ರಲ್ಲಿ ಐಬ್ರಾಕ್ಸ್‌ನ ಒಂದು ಭಾಗವನ್ನೇ ಮುಚ್ಚಿಸಿತು. ಸೆಲ್ಟಿಕ್ ಗ್ಯಾಲರಿಯಲ್ಲಿ, ಐರ್ಲೆಂಡಿನಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡಿದ ಸಶಸ್ತ್ರ ಸಂಘಟನೆ ಐಆರ್‌ಎ ಹೊಗಳುವ ಹಾಡುಗಳಿವೆ. ಇವು ರಾಜಕೀಯವೇ ಹೊರತು ಪಂಥದ್ವೇಷವಲ್ಲ ಎಂಬುದು ಹಾಡುವವರ ವಾದ. ಈ ವಾದವನ್ನು ಪೂರ್ತಿ ತಳ್ಳಿಹಾಕಲಾಗದು, ಪೂರ್ತಿ ಒಪ್ಪುವುದೂ ಕಷ್ಟ.

ಹಾಡು ಬರೀ ಹಾಡಾಗಿ ಉಳಿಯುವುದಿಲ್ಲ ಎಂಬುದಕ್ಕೆ 1995. ಪಂದ್ಯ ಮುಗಿಸಿ ಬ್ರಿಜ್‌ಟನ್‌ನ ಪಬ್ಬೊಂದರ ಮುಂದೆ ನಡೆದುಹೋಗುತ್ತಿದ್ದ 16 ವರ್ಷದ ಸೆಲ್ಟಿಕ್ ಬೆಂಬಲಿಗನ ಕತ್ತು ಕೊಯ್ದು ಕೊಂದರು. ಆತನ ಗೆಳತಿಯೊಬ್ಬಳು ಮುಂದೆ ‘ನಿಲ್ ಬೈ ಮೌತ್’ ಎಂಬ ಸಂಸ್ಥೆ ಕಟ್ಟಿದಳು.

2011 ಕೆಟ್ಟ ವರ್ಷ. ಮಾರ್ಚಿನ ಪಂದ್ಯವೊಂದರಲ್ಲಿ ಮೂವರು ರೇಂಜರ್ಸ್ ಆಟಗಾರರಿಗೆ ಕೆಂಪು ಕಾರ್ಡ್. ಉತ್ತರ ಐರ್ಲೆಂಡಿನ ಕ್ಯಾಥೊಲಿಕರಾದ ಸೆಲ್ಟಿಕ್ ಮ್ಯಾನೇಜರ್ ನೀಲ್ ಲೆನನ್‌ಗೆ ಅಂಚೆಯಲ್ಲಿ ಬಾಂಬ್. ಮೇ ತಿಂಗಳಲ್ಲಿ ಎಡಿನ್‌ಬರೋದಲ್ಲಿ ಮೈದಾನದ ಗೆರೆಯ ಪಕ್ಕದಲ್ಲೇ ಅವರ ಮೇಲೆ ಹಲ್ಲೆ. ಸರ್ಕಾರ ಅವಸರದಲ್ಲಿ ಕಾಯ್ದೆ ತಂದಿತು. 2012ರ ಮಾರ್ಚಿನಿಂದ, ಪಂದ್ಯದಲ್ಲಿ ಮತ್ತು ಪಂದ್ಯಕ್ಕೆ ಹೋಗಿಬರುವ ದಾರಿಯಲ್ಲಿ, ಗಲಭೆಗೆ ಕಾರಣವಾಗಬಹುದಾದ ಅವಹೇಳನಕಾರಿ ನಡವಳಿಕೆ ಅಪರಾಧ. ಯಾವ ಹಾಡು ಅವಹೇಳನ? ಪಟ್ಟಿ ಇರಲಿಲ್ಲ. ಬೀದಿಯಲ್ಲಿ ಹಾಡಿದರೆ ಸರಿ, ಪಂದ್ಯಕ್ಕೆ ಹೋಗುತ್ತಾ ಹಾಡಿದರೆ ಜೈಲೇ ಎಂಬ ಪ್ರಶ್ನೆಗೂ ಉತ್ತರವಿರಲಿಲ್ಲ. ಡಂಡೀಯ ನ್ಯಾಯಾಧೀಶರೊಬ್ಬರು ಈ ಕಾಯ್ದೆಯನ್ನು ‘ಮಿನ್ಸ್’, ಅಂದರೆ ಕೈಮಾ, ಎಂದೇ ಕರೆದರು. ಸ್ಕಾಟ್ ಆಡುಮಾತಿನಲ್ಲಿ ಹಾಗೆಂದರೆ ಕೆಲಸಕ್ಕೆ ಬಾರದ್ದು. 2018ರಲ್ಲಿ ಸ್ಕಾಟಿಷ್ ಸಂಸತ್ತು ಅದನ್ನು ರದ್ದುಮಾಡಿತು. ಅದೇ ವರ್ಷ ಕ್ಲಬ್ಬುಗಳು ತಮ್ಮದೇ ಉಪಾಯ ಹೂಡಿದವು: ಎದುರಾಳಿ ಬೆಂಬಲಿಗರಿಗೆ ಕೊಡುತ್ತಿದ್ದ ಏಳು ಸಾವಿರಕ್ಕೂ ಮಿಕ್ಕಿದ ಸೀಟುಗಳನ್ನು ಎಂಟುನೂರರ ಆಸುಪಾಸಿಗೆ ಇಳಿಸಿದವು.

ಎರಡೂ ಕೂಡುವ ಬೀದಿ

ಸೆಮಿನಾರಿನಲ್ಲಿ ಚರ್ಚಿಸಲು ಒಂದು ಪ್ರಸಂಗ. 2013ರ ಮಾರ್ಚ್ 16. ಹೊಸ ಕಾಯ್ದೆಯಡಿ ಪೊಲೀಸರು ಕಿರುಕುಳ ಕೊಡುತ್ತಿದ್ದಾರೆಂದು ಸೆಲ್ಟಿಕ್‌ನ ‘ಗ್ರೀನ್ ಬ್ರಿಗೇಡ್’ ಬೆಂಬಲಿಗರು ಪಂದ್ಯಕ್ಕೆ ಒಟ್ಟಾಗಿ ನಡೆದುಹೋಗೋಣ ಎಂದು ಗ್ಯಾಲೋಗೇಟ್ ಬೀದಿಯಲ್ಲಿ ಸೇರಿದರು. 28 ದಿನದ ಸೂಚನೆ ಕೊಟ್ಟಿರಲಿಲ್ಲ. ಪೊಲೀಸರು ಇದನ್ನು ಸೂಚನೆಯಿಲ್ಲದ ಮೆರವಣಿಗೆ ಎಂದು ಎಣಿಸಿ, ಸುತ್ತ ಕೋಟೆ ಕಟ್ಟಿ ನಿಲ್ಲಿಸಿ, ಕೆಲವರನ್ನು ಹಿಡಿದರು. ನಾವು ಮ್ಯಾಚಿಗೆ ಹೋಗುತ್ತಿದ್ದೇವೆ ಅಷ್ಟೇ ಎಂಬುದು ಇವರ ಮಾತು. ಅದೇ ಗ್ಯಾಲೋಗೇಟಿನಲ್ಲಿ ಪ್ರತಿ ಪಂದ್ಯದ ದಿನ ಸಾವಿರಾರು ಜನ ಅದೇ ಬಣ್ಣ ತೊಟ್ಟು, ಅದೇ ಹಾಡು ಹಾಡುತ್ತಾ, ಅದೇ ದಿಕ್ಕಿಗೆ ನಡೆಯುತ್ತಾರೆ. ಯಾರೂ ಯಾರಿಗೂ ಸೂಚನೆ ಕೊಡುವುದಿಲ್ಲ. ಎಷ್ಟನೆಯ ಮನುಷ್ಯ ಸೇರಿದಾಗ, ಯಾವ ಹೆಜ್ಜೆಯಲ್ಲಿ, ಆ ನಡಿಗೆ ಮೆರವಣಿಗೆಯಾಗುತ್ತದೆ? 1982ರ ಕಾಯ್ದೆಯನ್ನೂ 2012ರದ್ದನ್ನೂ ಪಕ್ಕಪಕ್ಕ ಇಟ್ಟುಕೊಂಡು ಒಂದು ಪುಟ ಬರೆದು ತನ್ನಿ.