ನರ ಅಂದರೆ ಯಾವ ನರ?

ಈ ತಿಂಗಳಲ್ಲಿ ಈ ಮಾತು ಕೇಳಿದ್ದು ಇದು ಮೂರನೇ ಸಲ. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬರುತ್ತಿದ್ದೆ, ಹಿಂದಿನ ಸೀಟಿನವರು ಫೋನಿನಲ್ಲಿ ಹೇಳುತ್ತಿದ್ದರು: "ಜ್ವರಾ ಹೋತ್ರೀ, ಆದ್ರ ಎಡಗಾಲಾಗಿನ ನರಾ ಬ್ಲಾಕ್ ಆಗೇತಂತ. ದಿನಾ ಎಣ್ಣಿ ಹಚ್ಚಿ ತಿಕ್ಕಸಾಕತ್ತೀನಿ." ತಿರುಗಿ ಮಾತಾಡಿಸುವ ಧೈರ್ಯ ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನರ ಬ್ಲಾಕ್ ಆಗುವುದಿಲ್ಲ ಸ್ವಾಮಿ. ಆಪರೇಷನ್ನಿಗೆ ಮುಂಚೆ ಡಾಕ್ಟರು ಬೇಕಂತಲೇ ಮರಗಟ್ಟಿಸುತ್ತಾರಲ್ಲ, ಆ ನರ್ವ್ ಬ್ಲಾಕ್ ಬೇರೆ ಮಾತು. ಕಾಲಲ್ಲಿ ಕಟ್ಟಿಕೊಳ್ಳುವುದು ರಕ್ತನಾಳ.

ತಪ್ಪು ಆ ಮನುಷ್ಯರದ್ದಲ್ಲ, ಪದದ್ದೇ. ನಾವು ಮೂರು ವಸ್ತುಗಳಿಗೆ ಒಂದೇ ಹೆಸರಿಟ್ಟಿದ್ದೇವೆ. ಸಲಾಯಿನ್ ಹಚ್ಚುವಾಗ ನರ್ಸ್ "ನರಾ ಸಿಗವಲ್ದು" ಅಂದರೆ ಅದು ರಕ್ತನಾಳ. ಪಾದ ಜೋಮು ಹಿಡಿದಾಗ "ನರದ ತೊಂದರೆ" ಅಂದರೆ ಅದು ಮೆದುಳಿಗೆ ಸುದ್ದಿ ಒಯ್ಯುವ ನಿಜವಾದ ನರ. ಹಿಮ್ಮಡಿಯ ಮೇಲೆ "ನರ ಹಿಡಕೊಂಡೈತಿ" ಅಂದರೆ ಬಹಳ ಸಲ ಅದು ಎರಡೂ ಅಲ್ಲ, ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ. ಇನ್ನು ನರಸಿಂಹ, ನರಮನುಷ್ಯನ 'ನರ' ಸಂಸ್ಕೃತದ್ದು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ನಮ್ಮ ಕಾಲಿನ ನರ ಅಪ್ಪಟ ದ್ರಾವಿಡ ಪದ. ತೆಲುಗಿನಲ್ಲಿ ನರಮು, ತಮಿಳಿನಲ್ಲಿ ನರಂಬು. ತಮಿಳರು ಯಾಳ್ ಎಂಬ ಹಳೆಯ ವಾದ್ಯದ ತಂತಿಯನ್ನೂ ನರಂಬು ಅಂತಲೇ ಕರೆದರು. ಅಂದರೆ ಮೈಯೊಳಗೆ ದಾರದ ಹಾಗೆ, ಹುರಿಯ ಹಾಗೆ ಕಂಡದ್ದೆಲ್ಲ ನರ. ಗ್ರೀಕರೂ ಹೀಗೇ ಮಾಡಿದ್ದಾರೆ, ಅವರ 'ನ್ಯೂರಾನ್' ಮೊದಲು ಬಿಲ್ಲಿನ ಹೆದೆ ಮತ್ತು ಮೈಯ ಹುರಿ, ಆಮೇಲೆ ನರ. ಕಣ್ಣಿಗೆ ಕಂಡಂತೆ ಹೆಸರಿಟ್ಟರು, ಅಷ್ಟೇ. ನರಪೇತಲ ಅಂತ ಬೈಯುವಾಗಲೂ ನಮ್ಮ ಕಣ್ಣಿಗೆ ಬರುವುದು ಚರ್ಮದ ಮೇಲೆ ಎದ್ದ ರಕ್ತನಾಳವೇ, ಅಲ್ವಾ?

ಶಾಲೆಯ ಪುಸ್ತಕ ಇದನ್ನು ಸರಿಮಾಡಲು ಹೋಗಿ ಅಪಧಮನಿ (ಹೃದಯದಿಂದ ರಕ್ತ ಒಯ್ಯುವುದು), ಅಭಿಧಮನಿ (ವಾಪಸ್ ತರುವುದು) ಅಂತ ಜೋಡಿ ಪದ ಕೊಟ್ಟಿತು. ಎರಡನ್ನೂ ಅದಲುಬದಲು ಮಾಡದ ಮಗು ಇದ್ದರೆ ತೋರಿಸಿ. ಹೃದಯದ ಕಡೆಗೆ ರಕ್ತವನ್ನು ವಾಪಸ್ ತರುವ ನಾಳಕ್ಕೆ 'ಸಿರೆ' ಅನ್ನುವ ಚಂದದ ಪದ ಇದೆ. ಮರಾಠಿಯವರು ಇವತ್ತಿಗೂ ಶೀರ ಅನ್ನುತ್ತಾರೆ. ನಮ್ಮಲ್ಲಿ ಕೆಲವರು ಅದನ್ನು ಶಿರ ಅಂತ ಬರೆದು ತಲೆಗೆ ಏರಿಸಿಬಿಟ್ಟರು.

ಈಗ ಜ್ವರದ ಮಾತು. ವೈರಸ್ ಜ್ವರ, ಅದರಲ್ಲೂ ಕೋವಿಡ್ ಮತ್ತು ಜೋರಾದ ಫ್ಲೂ, ಸಿರೆಯ ಒಳಗೋಡೆಯನ್ನು ಕೆರಳಿಸುತ್ತದೆ, ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಿಸುತ್ತದೆ. ಮೇಲಿಂದ ನೀರು ಕುಡಿಯದೆ ವಾರಗಟ್ಟಲೆ ಹಾಸಿಗೆ. ಕಾಲಿನ ರಕ್ತವನ್ನು ಮೇಲೆ ದಬ್ಬುವುದು ಮೀನಖಂಡದ ಸ್ನಾಯು. ನಡೆದಾಗಲೆಲ್ಲ ಹಿಂಡುತ್ತದೆ, ಸಿರೆಯೊಳಗಿನ ಕವಾಟಗಳು ರಕ್ತವನ್ನು ಕೆಳಗೆ ಜಾರಲು ಬಿಡುವುದಿಲ್ಲ. ಮಲಗಿದರೆ ಆ ಪಂಪು ಬಂದ್. ಹತ್ತು ಲಕ್ಷಕ್ಕೂ ಹೆಚ್ಚು ಕೋವಿಡ್ ಸೋಂಕಿತರನ್ನು ನೋಡಿದ, 2022ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ ಕಾಲಿನ ಆಳದ ಸಿರೆಯಲ್ಲಿ ಹೆಪ್ಪುಗಟ್ಟುವ ಅಪಾಯ 3 ತಿಂಗಳವರೆಗೂ, ಶ್ವಾಸಕೋಶದಲ್ಲಿ 6 ತಿಂಗಳವರೆಗೂ ಹೆಚ್ಚಿತ್ತು. ಹಾಗಂತ ಎಲ್ಲರಿಗೂ ಆಗುತ್ತದೆ ಅಂತಲ್ಲ, ಬಹಳ ಜನಕ್ಕೆ ಏನೂ ಆಗುವುದಿಲ್ಲ.

ಮಜಾ ಏನೆಂದರೆ ಜನ ಹೆದರುವುದು ಬೇರೆಯದಕ್ಕೆ. ಜ್ವರದಲ್ಲಿ ಮೈ ಇಳಿದಾಗ ಚರ್ಮದ ಕೆಳಗಿನ ಸಿರೆಗಳು ಎದ್ದು ಕಾಣುತ್ತವೆ, ಕೂಡಲೇ "ವೆರಿಕೋಸ್ ಬಂತು" ಅಂತ ಗಾಬರಿ. ಹುಬ್ಬಳ್ಳಿಯ ದುರ್ಗದಬೈಲ್ ಮಾರ್ಕೆಟ್ಟಿನಲ್ಲಿ ವರ್ಷಗಟ್ಟಲೆ ನಿಂತೇ ವ್ಯಾಪಾರ ಮಾಡಿದವರಿಗೆ ಕವಾಟ ಸೋತು ಬರುವ ಉಬ್ಬು ಅದು, ಹದಿನೈದು ದಿನದ ಜ್ವರಕ್ಕೆ ಬರುವುದಿಲ್ಲ. ಹೆದರಬೇಕಾದದ್ದು ಆಳದ ಸಿರೆಯ ಹೆಪ್ಪಿಗೆ, ಅದು ಸಾಮಾನ್ಯವಾಗಿ ಕಣ್ಣಿಗೆ ಕಾಣುವುದೇ ಇಲ್ಲ. ಕಾಣುವುದು ಅದರ ಸುಳಿವು ಮಾತ್ರ: ಒಂದೇ ಕಾಲು ಊದುವುದು, ಮೀನಖಂಡ ನೋಯುವುದು, ಬಿಸಿಯಾಗುವುದು, ಬಣ್ಣ ತಿರುಗುವುದು. ಅವತ್ತೇ ಡಾಕ್ಟರಿಗೆ ತೋರಿಸಿ ಡಾಪ್ಲರ್ (ಸಿರೆಯಲ್ಲಿ ರಕ್ತ ಹರಿಯುವುದನ್ನು ನೋಡುವ ಸ್ಕ್ಯಾನ್) ಮಾಡಿಸಬೇಕು. ಹೆಪ್ಪಿನ ಸುಳಿವು ಕೊಡುವ ಡಿ-ಡೈಮರ್ ಎಂಬ ರಕ್ತಪರೀಕ್ಷೆ ಒಂದನ್ನೇ ನಂಬಿ ಕೂಡಬೇಡಿ, ಜ್ವರ ಬಂದು ಹೋದ ಮೇಲೆ ಅದು ಸುಮ್ನೆ ಜಾಸ್ತಿ ಇರಬಹುದು. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ನೇರ ಆಸ್ಪತ್ರೆಗೆ.

ಆ ಎಣ್ಣೆಗೆ ಬರೋಣ. ಅದು ನಿಜವಾದ ನರವೋ ಹುರಿಯೋ ಆಗಿದ್ದರೆ ತಿಕ್ಕಿದರೆ ಹೆಚ್ಚೆಂದರೆ ನೋಯುತ್ತಿತ್ತು. ಆದರೆ ಸಿರೆಯಲ್ಲಿ ಹೆಪ್ಪು ಇದ್ದು ಜೋರಾಗಿ ತಿಕ್ಕಿದರೆ ಅದು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. 'ನರ' ಅಂದದ್ದಕ್ಕೇ ಕೈ ಎಣ್ಣೆ ಬಾಟ್ಲಿಗೆ ಹೋದದ್ದು. ಇನ್ನೊಬ್ಬರು ಅದೇ ಪದ ಕೇಳಿ ನರಕ್ಕೆ ಅಂತ ಬಿ12 ವಿಟಮಿನ್ ಗುಳಿಗೆ ನುಂಗುತ್ತಾರೆ, ಮತ್ತೊಬ್ಬರು ಪಕ್ಕದ ಮನೆಯವರ 'ರಕ್ತ ತೆಳು ಮಾಡೋ ಗುಳಿಗೆ' ಇಸ್ಕೊಳ್ಳುತ್ತಾರೆ. ಆ ಗುಳಿಗೆ ರಕ್ತವನ್ನು ತೆಳು ಮಾಡುವುದೂ ಇಲ್ಲ, ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಬಂದದ್ದು ಡೆಂಗಿ ಆಗಿದ್ದು ಪ್ಲೇಟ್‌ಲೆಟ್ ಇನ್ನೂ ಏರಿರದಿದ್ದರೆ ಅದನ್ನು ನುಂಗಿದವರಿಗೆ ರಕ್ತಸ್ರಾವ ಆಗಬಹುದು.