ಜೊಲ್ಲುರಸ ಗ್ರಂಥಿಯ ಕ್ಯಾನ್ಸರ್: ‘ಗ್ರೇಡ್’ ಎಂದರೇನು?

ಜೊಲ್ಲುರಸ ಗ್ರಂಥಿಯ ಕ್ಯಾನ್ಸರ್ ಗಡ್ಡೆ ತೆಗೆದ ಮೇಲೆ ಬರುವ ಪೆಥಾಲಜಿ ವರದಿಯಲ್ಲಿ ‘ಲೋ ಗ್ರೇಡ್’, ‘ಹೈ ಗ್ರೇಡ್’ ಎಂಬ ಮಾತು ಇರುತ್ತದೆ. ಮನೆಯವರು ಇದನ್ನು ಸ್ಟೇಜ್ ಎಂದುಕೊಂಡು ಗಾಬರಿಯಾಗುವುದುಂಟು. ಗಡ್ಡೆ ಎಷ್ಟು ದೊಡ್ಡದು, ಎಲ್ಲಿಯವರೆಗೆ ಹಬ್ಬಿದೆ ಎಂದು ಹೇಳುವುದು ಸ್ಟೇಜ್. ಗಡ್ಡೆಯ ಸ್ವಭಾವ ಎಷ್ಟು ಉಗ್ರ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುವುದು ಗ್ರೇಡ್. ಚಿಕ್ಕ ಗಡ್ಡೆಯೂ ಹೈ ಗ್ರೇಡ್ ಆಗಿರಬಹುದು.

ಕಿವಿಯ ಮುಂದಿರುವ ಪರೋಟಿಡ್ ಗ್ರಂಥಿಯ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಅವುಗಳಿಗೆ ಈ ಲೆಕ್ಕವೇ ಇಲ್ಲ. ಸ್ಯಾಲಿವರಿ ಡಕ್ಟ್ ಕಾರ್ಸಿನೋಮದಂಥ ಕೆಲವು ಕ್ಯಾನ್ಸರ್‌ಗಳು ಹುಟ್ಟಾ ಉಗ್ರ, ಹೆಸರು ಹೇಳಿದರೆ ಗ್ರೇಡ್ ಹೇಳಿದಂತೆಯೇ. ಎಣಿಸಿ ಅಂಕ ಹಾಕಬೇಕಾಗುವುದು ಮುಖ್ಯವಾಗಿ ಮ್ಯೂಕೋಎಪಿಡರ್ಮಾಯ್ಡ್ ಕಾರ್ಸಿನೋಮದಲ್ಲಿ. ಈ ಗ್ರಂಥಿಗಳ ಕ್ಯಾನ್ಸರ್‌ಗಳಲ್ಲಿ ಅತಿ ಸಾಮಾನ್ಯವಾದದ್ದು ಅದೇ. ಅದರಲ್ಲಿ ಮೂರು ಬಗೆಯ ಕೋಶಗಳಿರುತ್ತವೆ: ಲೋಳೆ ಸುರಿಸುವವು, ಚರ್ಮದ ಕೋಶಗಳನ್ನು ಹೋಲುವವು, ಇವೆರಡರ ನಡುವಿನವು. ಸೌಮ್ಯ ಗಡ್ಡೆಯಲ್ಲಿ ಲೋಳೆ ತುಂಬಿದ ಪೊಳ್ಳುಗಳು ಧಾರಾಳ. ಉಗ್ರವಾದಂತೆ ಪೊಳ್ಳು ಕಡಿಮೆಯಾಗಿ ಗಡ್ಡೆ ಗಟ್ಟಿಯಾಗುತ್ತದೆ.

ಅಮೆರಿಕದ ಸೇನಾಪಡೆಗಳ ಪೆಥಾಲಜಿ ಸಂಸ್ಥೆಯ (ಎ.ಎಫ್.ಐ.ಪಿ.) ಪದ್ಧತಿ ಐದು ಸಂಗತಿಗಳನ್ನು ನೋಡುತ್ತದೆ. ಪೊಳ್ಳು ಭಾಗ ಶೇ. 20ಕ್ಕಿಂತ ಕಡಿಮೆಯಿದ್ದರೆ 2 ಅಂಕ, ನರಕ್ಕೆ ನುಗ್ಗಿದ್ದರೆ 2, ಅಂಗಾಂಶ ಸತ್ತಿದ್ದರೆ 3, ಹೆಚ್ಚಿನ ವರ್ಧನೆಯ 10 ನೋಟಗಳಲ್ಲಿ ವಿಭಜನೆಯಾಗುತ್ತಿರುವ ಕೋಶಗಳು ನಾಲ್ಕು ಅಥವಾ ಹೆಚ್ಚು ಸಿಕ್ಕರೆ 3, ಕೋಶಗಳು ತೀರಾ ವಿಕಾರವಾಗಿದ್ದರೆ 4. ಒಟ್ಟು 4ರವರೆಗೆ ಲೋ, 5–6 ಮಧ್ಯಮ, 7 ಮತ್ತು ಮೇಲೆ ಹೈ. 2001ರಲ್ಲಿ ಬಂದ ಬ್ರಾಂಡ್ವೈನ್ ಪದ್ಧತಿ ಇನ್ನೂ ಕಟ್ಟುನಿಟ್ಟು. ಅದು ರಕ್ತನಾಳ, ಮೂಳೆಗಳಿಗೆ ನುಗ್ಗಿದ್ದನ್ನೂ ಎಣಿಸುತ್ತದೆ. ಅಲ್ಲಿ 4 ಅಂಕಕ್ಕೇ ಹೈ ಗ್ರೇಡ್.

ತೊಡಕು ಇರುವುದು ಇಲ್ಲೇ. ಪೊಳ್ಳು ತೀರಾ ಕಡಿಮೆಯಿದ್ದು ನರಕ್ಕೆ ನುಗ್ಗಿದ, ಬೇರೆ ದೋಷವಿಲ್ಲದ ಗಡ್ಡೆಯೊಂದನ್ನು ತೆಗೆದುಕೊಳ್ಳಿ. ಮೊದಲ ಪದ್ಧತಿಯಲ್ಲಿ 2 + 2, ಅಂದರೆ ಲೋ. ಎರಡನೆಯದರಲ್ಲಿ ನರಕ್ಕೆ ನುಗ್ಗಿದ್ದಕ್ಕೆ 3 ಅಂಕ, ಹಾಗಾಗಿ 2 + 3, ಅಂದರೆ ಹೈ! ಗಾಜಿನ ಸ್ಲೈಡ್ ಒಂದೇ, ನೋಡಿದ ಕಣ್ಣೂ ಒಂದೇ. ಹೈ ಗ್ರೇಡ್ ಎಂದರೆ ಕುತ್ತಿಗೆಯ ದುಗ್ಧಗ್ರಂಥಿಗಳನ್ನು ತೆಗೆಯುವ, ವಿಕಿರಣ ಚಿಕಿತ್ಸೆ ಕೊಡುವ ಮಾತು ಬರುತ್ತದೆ. ಆದ್ದರಿಂದ ಯಾವ ಪದ್ಧತಿಯಲ್ಲಿ ಅಂಕ ಹಾಕಿದ್ದಾರೆ ಎಂಬುದು ವರದಿಯಲ್ಲಿ ಇರಲೇಬೇಕು. ಇಲ್ಲದಿದ್ದರೆ ವೈದ್ಯರನ್ನು ಕೇಳುವುದರಲ್ಲಿ ಸಂಕೋಚ ಬೇಡ. ಸೂಜಿ ಚುಚ್ಚಿ ತೆಗೆದ ಚೂರಿನಿಂದ ಬಂದ ಗ್ರೇಡನ್ನು ಪೂರ್ತಿ ನಂಬುವಂತೆಯೂ ಇಲ್ಲ. ಪೊಳ್ಳು ಶೇಕಡಾ ಎಷ್ಟು ಎಂದು ತಿಳಿಯಲು ಇಡೀ ಗಡ್ಡೆಯೇ ಬೇಕು.

ಇದೇ ಗ್ರಂಥಿಗಳ ಇನ್ನೊಂದು ಕ್ಯಾನ್ಸರ್ ಆದ ಅಡೆನಾಯ್ಡ್ ಸಿಸ್ಟಿಕ್ ಕಾರ್ಸಿನೋಮಕ್ಕೆ ಅಳತೆಯೇ ಬೇರೆ. ಅಲ್ಲಿ ಕೋಶಗಳು ಕೊಳವೆಯಾಗಿ ಅಥವಾ ಜರಡಿಯಂತೆ ತೂತುತೂತಾಗಿ ಜೋಡಿಕೊಂಡಿದ್ದರೆ ಸಮಾಧಾನ. ಗಟ್ಟಿ ಭಾಗ ಶೇ. 30 ದಾಟಿದರೆ ಹೈ ಗ್ರೇಡ್. ನರಕ್ಕೆ ನುಗ್ಗುವುದು ಈ ಕ್ಯಾನ್ಸರ್‌ನ ಹುಟ್ಟುಗುಣ, ಎಲ್ಲ ಗ್ರೇಡ್‌ಗಳಲ್ಲೂ ಕಾಣುತ್ತದೆ. ಹಾಗಾಗಿ ಇಲ್ಲಿ ಅದಕ್ಕೆ ಅಂಕವಿಲ್ಲ.