ಬ್ರಾಡ್‌ವೇ ನಾಯಕಿಯರು ಅಷ್ಟು ಜೋರಾಗಿ ಯಾಕೆ ಹಾಡುತ್ತಾರೆ?

ಪ್ರಶ್ನೆ: ‘ವಿಕೆಡ್’ ಸಿನಿಮಾ ನೋಡಿದೆ. ಹಸಿರು ಮೈಯ ಹುಡುಗಿ ಕೊನೆಯಲ್ಲಿ ಹಾಡುತ್ತಾಳೋ ಕಿರುಚುತ್ತಾಳೋ ಗೊತ್ತಾಗಲಿಲ್ಲ. ಇದನ್ನು ಸ್ತ್ರೀವಾದದ ಹಾಡು ಅಂತಾರಲ್ಲ, ಯಾಕೆ?

ಉತ್ತರ: ನಿಮಗೆ ಹಾಗೆ ಕೇಳಿಸಿದ್ದರಲ್ಲಿ ತಪ್ಪಿಲ್ಲ. ಅದು ಕೂಗಿಗೆ ತುಂಬಾ ಹತ್ತಿರದ ಹಾಡಿಕೆ. ಹೆಸರು ಬೆಲ್ಟಿಂಗ್. ಬೀದಿಯ ಆ ತುದಿಯಲ್ಲಿ ಹೋಗುತ್ತಿರುವ ಗೆಳತಿಯನ್ನು “ಏಯ್!” ಅಂತ ಕರೆದು ನೋಡಿ. ಎದೆ ಮೇಲೆ ಕೈಯಿಟ್ಟರೆ ಅದುರುವುದು ಗೊತ್ತಾಗುತ್ತದೆ. ಮಾತಾಡುವ ಆ ದನಿಯ ಗಟ್ಟಿತನವನ್ನು ಬಿಡದೆ ಮೇಲಿನ ಸ್ವರಗಳಿಗೆ ಒಯ್ಯುವುದೇ ಬೆಲ್ಟಿಂಗ್. ಸೊಪ್ರಾನೊ ಅಂದರೆ ಪಾಶ್ಚಾತ್ಯ ಸಂಗೀತದಲ್ಲಿ ಎತ್ತರದ ಹೆಣ್ಣುದನಿ. ಆ ದನಿಯ ಗಾಯಕಿ ಅದೇ ಎತ್ತರಕ್ಕೆ ಹೋಗುವಾಗ ದನಿಯನ್ನು ಹಗುರ ಮಾಡಿಕೊಳ್ಳುತ್ತಾಳೆ. ಎರಡಕ್ಕೂ ವರ್ಷಗಟ್ಟಲೆ ಸಾಧನೆ ಬೇಕು.

ಬ್ರಾಡ್‌ವೇ ಅಂದರೆ ನ್ಯೂಯಾರ್ಕಿನ ರಂಗಮಂದಿರಗಳ ಬೀದಿ. ಹಾಡುಗಳ ಮೂಲಕ ಕಥೆ ಹೇಳುವ ಅಲ್ಲಿನ ನಾಟಕಗಳಿಗೆ ಮ್ಯೂಸಿಕಲ್ ಅಂತ ಹೆಸರು. ಹಳೆಯ ಮ್ಯೂಸಿಕಲ್‌ಗಳು ಈ ಎರಡು ದನಿಗಳನ್ನು ಯಾರ್‍ಯಾರಿಗೆ ಹಂಚಿದವು ನೋಡಿ. 1943ರ ‘ಓಕ್ಲಹೋಮ!’ದಲ್ಲಿ ನಾಯಕಿ ಲಾರಿಗೆ ಸೊಪ್ರಾನೊ. ಯಾವ ಗಂಡಿಗೂ ಬೇಡ ಅನ್ನಲಾಗದ ಏಡೊ ಆನಿಗೆ ಬೆಲ್ಟಿಂಗ್. 1950ರ ‘ಗೈಸ್ ಅಂಡ್ ಡಾಲ್ಸ್’ನಲ್ಲೂ ಅಷ್ಟೇ. ಧರ್ಮಪ್ರಚಾರ ಮಾಡುವ ಸಾರಾಳದು ಸೊಪ್ರಾನೊ, ನೈಟ್‌ಕ್ಲಬ್ಬಿನಲ್ಲಿ ಕುಣಿಯುವ ಅಡಿಲೇಡ್‌ಳದು ಗಟ್ಟಿ ದನಿ. ಅವಳ ನಿಶ್ಚಿತಾರ್ಥವಾಗಿ 14 ವರ್ಷ ಆಗಿದೆ, ಮದುವೆ ಮಾತ್ರ ಆಗಿಲ್ಲ. ತನ್ನ ನೆಗಡಿ ವಾಸಿಯಾಗದಿರುವುದಕ್ಕೂ ಅದೇ ಕಾರಣ ಅಂತ ಪುಸ್ತಕದಲ್ಲಿ ಓದಿಕೊಂಡು, ಸೀನುತ್ತಾ ಹಾಡುತ್ತಾಳೆ. ಜನ ನಗುತ್ತಾರೆ. ನನಗೆ ಮಾತ್ರ ಆ ಹಾಡು ಕೇಳಿದಾಗೆಲ್ಲ ಸಂಕಟವಾಗುತ್ತದೆ.

ದನಿ ದಪ್ಪಗಿದ್ದರೆ ಗಂಡುಬೀರಿ ಅನ್ನುವ ಮಾತು ನಮ್ಮಲ್ಲೂ ಇದೆ, ಅಲ್ವಾ? ಸಿನಿಮಾ ನಾಯಕಿಗೆ ನಾವು ಬಹಳ ಕಾಲ ತೆಳುವಾದ, ಇಂಪಾದ ದನಿಯನ್ನೇ ಕೊಟ್ಟೆವು. ಆದರೆ ರಂಗದ ಮೇಲೆ ಬಿ. ಜಯಶ್ರೀ ಅವರ ತೆರೆದ ಕಂಠ ಕೇಳಿದವರಿಗೆ, ಹೆಣ್ಣಿನ ದನಿಗೆ ಎಷ್ಟು ಜಾಗ ಬೇಕು ಅನ್ನುವುದು ಆಗಲೇ ಗೊತ್ತು.

ಇನ್ನು ‘ವಿಕೆಡ್’. ನೀವು ನೋಡಿದ ಸಿನಿಮಾಗೆ ಮೂಲವಾದ ಮ್ಯೂಸಿಕಲ್ 2003ರಲ್ಲಿ ಬ್ರಾಡ್‌ವೇಗೆ ಬಂತು. ಒಳ್ಳೆಯವಳು ಅನ್ನಿಸಿಕೊಂಡ ಗ್ಲಿಂಡಾ ಗುಳ್ಳೆಯಲ್ಲಿ ಇಳಿದು ಬಂದು ಸೊಪ್ರಾನೊದಲ್ಲಿ ಹಾಡುತ್ತಾಳೆ. ಕೆಟ್ಟವಳು ಅನ್ನಿಸಿಕೊಂಡ ಎಲ್ಫಬಾಗೆ, ಅಂದರೆ ನೀವು ಹೇಳಿದ ಹಸಿರು ಮೈಯ ಹುಡುಗಿಗೆ, ಬೆಲ್ಟಿಂಗ್. ಹಂಚಿಕೆ ಹಳೆಯದೇ, ಆದರೆ ಕಥೆ ನಡೆಯುವುದು ಎಲ್ಫಬಾಳ ಕಡೆಯಿಂದ. ಅವಳು ನಗೆಪಾತ್ರ ಅಲ್ಲ. ಅಧಿಕಾರಕ್ಕೆ ತಲೆಬಾಗುವುದಿಲ್ಲ ಅಂತ ತೀರ್ಮಾನಿಸಿದ ಗಳಿಗೆಯಲ್ಲೇ ದನಿಯೂ ಮೈಯೂ ಒಟ್ಟಿಗೆ ಮೇಲೇರುತ್ತವೆ. ಹಿಂದೆ ಪ್ರೇಮಿಗಳಿಗೆ ಮೀಸಲಾಗಿದ್ದ ಯುಗಳಗೀತೆಗಳ ಜಾಗ ಇಲ್ಲಿ ಇಬ್ಬರು ಹೆಂಗಸರಿಗೆ ಸಿಕ್ಕಿದೆ ಅನ್ನುವುದನ್ನು ವಿದ್ವಾಂಸೆ ಸ್ಟೇಸಿ ವುಲ್ಫ್ ಬಿಡಿಸಿ ತೋರಿಸಿದ್ದಾರೆ. ಸ್ತ್ರೀವಾದದ ಮಾತು ಬರುವುದು ಇಲ್ಲಿಂದಲೇ.

ಆದರೆ ಒಂದು ತಕರಾರೂ ಇದೆ, ನನಗದು ಸರಿ ಅನಿಸುತ್ತದೆ. ಹೆಣ್ಣಿಗೆ ಬಲ ಬಂತು ಅಂತ ತೋರಿಸಲು ಪ್ರತಿ ಸಲವೂ ಎತ್ತರದ ಸ್ವರವೇ ಯಾಕೆ? ವಾರಕ್ಕೆ ಎಂಟು ಪ್ರದರ್ಶನ. ಅಷ್ಟೂ ಸಲ ಆ ಸ್ವರ ಮುಟ್ಟಬೇಕಾದ್ದು ಒಬ್ಬ ಹೆಂಗಸಿನ ಗಂಟಲು. ಸ್ವರ ಬರೆದವರು ಎಷ್ಟೋ ಸಲ ಗಂಡಸರು. ‘ವಿಕೆಡ್’ ಹಾಡುಗಳೂ ಸ್ಟೀಫನ್ ಶ್ವಾರ್ಟ್ಸ್ ಅವರವು. ಮೆಲ್ಲಗೆ ಹಾಡುವವಳು ದುರ್ಬಲಳು ಅನ್ನುವ ಹೊಸ ಕಟ್ಟುಪಾಡು ಹುಟ್ಟಿಕೊಂಡರೆ ಏನು ಬಂತು?

ಅದಕ್ಕೇ ನಾನು ‘ಫನ್ ಹೋಮ್’ ಅನ್ನುವ ಮ್ಯೂಸಿಕಲ್ ಕೇಳಿ ಅನ್ನುತ್ತೇನೆ. ಜನೀನ್ ಟೆಸೋರಿ ಸಂಗೀತ, ಲೀಸಾ ಕ್ರಾನ್ ಸಾಹಿತ್ಯ. ಬ್ರಾಡ್‌ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿ ಸಂಗೀತ-ಸಾಹಿತ್ಯಕ್ಕಾಗಿ ಹೆಂಗಸರಷ್ಟೇ ಇದ್ದ ತಂಡಕ್ಕೆ ಸಿಕ್ಕಿದ್ದು ಅದೇ ಮೊದಲು, 2015ರಲ್ಲಿ. ಅದರಲ್ಲಿ ಅಪ್ಪನ ಜೊತೆ ಹೋಟೆಲಿನಲ್ಲಿ ಕೂತ ಪುಟ್ಟ ಹುಡುಗಿಯೊಬ್ಬಳು ಸಾಮಾನು ತಲುಪಿಸಲು ಬಂದ ಹೆಂಗಸನ್ನು ನೋಡುತ್ತಾಳೆ. ಗಿಡ್ಡ ಕೂದಲು, ಸೊಂಟದಲ್ಲಿ ಕೀಲಿಗಳ ಗೊಂಚಲು. ನಾನೂ ಹೀಗೇ ಅಂತ ಮಗುವಿಗೆ ಹೊಳೆಯುತ್ತದೆ. ಹೇಳಲು ಹೋದರೆ ಪದ ಸಿಗುವುದಿಲ್ಲ. ಅರ್ಧ ಸಾಲು ಹಾಡಿ ನಿಲ್ಲಿಸುತ್ತಾಳೆ, ಮತ್ತೆ ಶುರು ಮಾಡುತ್ತಾಳೆ, ಮತ್ತೆ ನಿಲ್ಲಿಸುತ್ತಾಳೆ. ನಿಲ್ಲಿಸಿದ ಆ ಜಾಗಗಳನ್ನು ಕಿವಿಗೊಟ್ಟು ಕೇಳಿ.